ಕಾಲರ್ ಬಿಚ್ಚಿದ್ದಕ್ಕೆ ಕೆಂಪು ದೀಪ

ಮುದುಕನಿಗೆ ಮರೆವು, ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಾನೆ ಎಂದು ಕಳೆದ ಸಲ ಗೊಣಗಿದವರು ಯಾರಪ್ಪ? ಫೋನನ್ನು ಕಿವಿಗೆ ಸರಿಯಾಗಿ ಹಿಡಿದುಕೊಳ್ಳಿ. ನಿನ್ನೆ ಕನ್ನಡಕ ಎಲ್ಲಿಟ್ಟಿರಿ ಎಂಬುದು ನಿಮಗೆ ಗೊತ್ತಿಲ್ಲ, ನನಗೆ ಪರೀಕ್ಷೆ ಇಡುತ್ತೀರಿ! ಇವತ್ತಿನ ಕಥೆಯ ಹೊಲಿಗೆ ಶೆಡ್ಡಿನಲ್ಲಿ ಮೂವತ್ತೆರಡು ಮೆಷಿನ್ ಇದ್ದವು. ಹನ್ನೊಂದನೆಯದು ಕಿಟಕಿಯ ಪಕ್ಕ, ಅದರ ಪೆಡಲ್ ಕಿರುಗುಟ್ಟುತ್ತಿತ್ತು. ಸಾಕಾ? ಇನ್ನು ಬಾಯಿ ಮುಚ್ಚಿಕೊಂಡು ಕೇಳಿ.

ಶಾಲೆ ಮಕ್ಕಳ ಅಂಗಿ ಹೊಲಿಯುವ ಶೆಡ್ಡು ಅದು. ಸೂಪರ್‌ವೈಸರನಿಗೆ ಎಲ್ಲರೂ ‘ಮಾಸ್ಟರ್’ ಎನ್ನುತ್ತಿದ್ದರು. ಹನ್ನೊಂದನೇ ಮೆಷಿನ್ನಿನಲ್ಲಿ ಕೂರುತ್ತಿದ್ದವಳು ಅವನ ಸ್ವಂತ ಅತ್ತಿಗೆ. ಅವನಿಗೆ ಸೂಜಿಗೆ ದಾರ ಪೋಣಿಸಲು ಕಲಿಸಿದವಳೇ ಅವಳು. ಅಣ್ಣ ಲಾರಿ ಹತ್ತಿದರೆ ತಿಂಗಳಿಗೊಮ್ಮೆ ಮನೆಗೆ ಬರುವವನು. ಮನೆ ನಡೆಯುತ್ತಿದ್ದದ್ದು ಈ ಇಬ್ಬರ ದುಡಿಮೆಯಿಂದ.

ಮೂರು ತಿಂಗಳ ಹಿಂದೆ ಪ್ರತಿ ಮೆಷಿನ್ನಿನ ತಲೆಯ ಮೇಲೆ ಒಂದೊಂದು ಕ್ಯಾಮೆರಾ ಬಂದು ಕೂತಿತ್ತು. ಪಕ್ಕದಲ್ಲಿ ಪುಟ್ಟ ದೀಪ. ಸೂಜಿ ಓಡುತ್ತಿದ್ದರೆ ಹಸಿರು, ಎರಡು ನಿಮಿಷ ನಿಂತರೆ ಕೆಂಪು. ವಾರಕ್ಕೊಮ್ಮೆ ಕಂಪ್ಯೂಟರು ಪಟ್ಟಿ ಕೊಡುತ್ತಿತ್ತು. ಸತತ ಮೂರು ವಾರ ಪಟ್ಟಿಯ ತಳದಲ್ಲಿದ್ದವರಿಗೆ ಕೆಲಸವಿಲ್ಲ. ಮಾಸ್ಟರ್‌ಗೋ ಹಿಗ್ಗೋ ಹಿಗ್ಗು. “ಮೆಷಿನ್ ಸುಳ್ಳು ಹೇಳಲ್ಲ. ಅವಳಿಗೊಂದು ನ್ಯಾಯ ಇವಳಿಗೊಂದು ನ್ಯಾಯ ಅಂತ ಇನ್ಮೇಲೆ ಯಾರೂ ನನ್ನ ಬೈಯೋ ಹಾಗಿಲ್ಲ” ಎಂದು ಎದೆಯುಬ್ಬಿಸಿದ್ದ.

ಆ ಗುರುವಾರ ಪಟ್ಟಿ ಬಂತು. ಸತತ ಮೂರನೇ ವಾರವೂ ತಳದಲ್ಲಿ ಅದೇ ಮೂರು ನಂಬರು. ಮೂರನೆಯದು ಹನ್ನೊಂದು. ಶನಿವಾರ ಯಜಮಾನಿ ಬಂದು ಸಹಿ ಹಾಕಿದರೆ ಮುಗಿಯಿತು. ಮಾಸ್ಟರ್ ಪಟ್ಟಿಯನ್ನು ಜೇಬಿಗೆ ತುರುಕಿಕೊಂಡು ಮನೆಗೆ ಬಂದರೆ, ಅತ್ತಿಗೆ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾಳೆ. ಪಕ್ಕದ ಮನೆಯ ನರ್ಸಮ್ಮ ಜ್ವರ ನೋಡುತ್ತಿದ್ದರು.

“ಉಚ್ಚೆ ಹೋಗುವಾಗ ಉರಿ ಇದೆಯಾ?”

“ನಾಲ್ಕು ದಿನ ಆಯ್ತು.”

“ಕೆಲಸದಲ್ಲಿ ಎಷ್ಟು ನೀರು ಕುಡೀತೀರಾ?”

ಅತ್ತಿಗೆ ಗೋಡೆ ನೋಡಿದಳು. “ಕುಡಿಯಲ್ಲ. ಕುಡಿದ್ರೆ ಏಳ್ಬೇಕಲ್ಲ ನರ್ಸಮ್ಮ. ಎದ್ರೆ ಕೆಂಪು.”

“ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತಾ ಅತ್ತಿಗೆ?” ಎಂದ ಮಾಸ್ಟರ್.

“ಹೇಳಿದ್ರೆ ನೀನೇನು ಮಾಡ್ತಿದ್ದೆ? ಮೆಷಿನ್ ಸುಳ್ಳು ಹೇಳಲ್ಲ ಅಂತ ಊಟಕ್ಕೆ ಕೂತಾಗ್ಲೂ ಹೇಳ್ತಿದ್ಯಲ್ಲೋ!”

ಮಾಸ್ಟರ್ ಮೆಲ್ಲಗೆ ಜೇಬಿನಿಂದ ಪಟ್ಟಿ ತೆಗೆದು ತೋರಿಸಿದ. “ನಾನೇನು ಮಾಡ್ಲಿ ನರ್ಸಮ್ಮ? ನಮ್ಮೋರು ಅಂತ ಹೆಸರು ಹೊಡೆದುಹಾಕಿದ್ರೆ ಉಳಿದೋರು ನನ್ನ ಮುಖಕ್ಕೆ ಉಗೀತಾರೆ.”

“ಉಗೀಲೇಬೇಕು. ನಿಮ್ಮ ಅತ್ತಿಗೆಯೊಬ್ಬರನ್ನೇ ಉಳಿಸಿದ್ರೆ ನಾನೂ ಉಗೀತೀನಿ” ಎಂದರು ನರ್ಸಮ್ಮ. “ಮೆಷಿನ್ ಸುಳ್ಳು ಹೇಳಲ್ಲ, ಒಪ್ಪಿದೆ. ಆದ್ರೆ ಅದು ಏನನ್ನ ನೋಡ್ಬೇಕು ಅಂತ ಹೇಳಿಕೊಟ್ಟಿದ್ದು ಮನುಷ್ಯರೇ ತಾನೇ? ನನ್ನ ಬಿ.ಪಿ. ಮೆಷಿನ್ ರಕ್ತದೊತ್ತಡ ಸರಿಯಾಗೇ ಹೇಳುತ್ತೆ. ಹಾಗಂತ ಇವರಿಗೆ ಜ್ವರ ಇಲ್ಲ ಅಂತ ಬರೆದು ಮನೆಗೆ ಹೋಗ್ಲಾ? ನಿಮ್ಮ ಕ್ಯಾಮೆರಾ ಏನು ನೋಡುತ್ತೆ, ಏನು ನೋಡಲ್ಲ, ಅದನ್ನ ಮೊದಲು ತಿಳ್ಕೊಳ್ಳಿ. ಮತ್ತೆ ನೀವಮ್ಮ, ಬೆಳಗ್ಗೆ ಆಸ್ಪತ್ರೆಗೆ ಬನ್ನಿ, ಪರೀಕ್ಷೆ ಮಾಡಿಸೋಣ.”

ಮಾಸ್ಟರ್‌ಗೆ ಮಾತು ನಾಟಿತು, ಆದರೆ ಒಪ್ಪಿಕೊಳ್ಳಲು ಜಂಬ ಅಡ್ಡ ಬಂತು. ಶುಕ್ರವಾರ ಅವನೇ ಹೋಗಿ ಹನ್ನೊಂದನೇ ಮೆಷಿನ್ನಿನ ಮುಂದೆ ಕೂತ. ಶೆಡ್ಡಿಗೆ ಶೆಡ್ಡೇ ಕಿಸಕ್ಕೆಂದಿತು.

ಬುಟ್ಟಿಯಲ್ಲಿ ಅತ್ತಿಗೆ ಎತ್ತಿಟ್ಟಿದ್ದ ಅಂಗಿಗಳಿದ್ದವು. ಯಾರೋ ಹೊಲಿದದ್ದು, ಕಾಲರ್ ಸೊಟ್ಟ. ಅವನು ಒಂದೊಂದೇ ಹೊಲಿಗೆ ಬಿಚ್ಚತೊಡಗಿದ. ದೀಪ ಕೆಂಪಾಯಿತು. ಬಿಚ್ಚಿದ್ದನ್ನು ಸರಿಯಾಗಿ ಕೂರಿಸಿ ಹೊಲಿದ. ಹಸಿರು. ಇನ್ನೊಂದು ಕಾಲರ್ ಬಿಚ್ಚಿದ. ಮತ್ತೆ ಕೆಂಪು. ಮೂತ್ರಕ್ಕೆ ಹೋಗಿ ಬಂದ. ಕೆಂಪು! ಇಡೀ ಶೆಡ್ಡಿನ ಸೊಟ್ಟ ಕಾಲರುಗಳನ್ನು ನೆಟ್ಟಗೆ ಮಾಡುತ್ತಿದ್ದವಳು ಅತ್ತಿಗೆ. ಆ ಕೆಲಸವನ್ನೇ ಕ್ಯಾಮೆರಾ ಸೋಮಾರಿತನ ಎಂದು ಬರೆದುಕೊಳ್ಳುತ್ತಿತ್ತು.

ಪಕ್ಕದಲ್ಲಿ ಕೂತವಳಿಗೆ ಮಾತಿನಮಲ್ಲಿ ಎಂದೇ ಹೆಸರು. ಅವಳ ದೀಪ ಮಾತ್ರ ಬೆಳಗಿನಿಂದ ಹಸಿರೋ ಹಸಿರು. ಬಗ್ಗಿ ನೋಡಿದರೆ ಸೂಜಿಯಲ್ಲಿ ದಾರವೇ ಇಲ್ಲ! ಕೆಳಗೆ ಒಂದು ಚಿಂದಿ ಬಟ್ಟೆ, ಅದರ ತುಂಬಾ ತೂತು.

“ಏನಮ್ಮಾ ಹೊಲೀತಿದೀಯ?”

“ಹಸಿರು ದೀಪ ಹೊಲೀತಿದೀನಿ ಮಾಸ್ಟರ್” ಎಂದಳು, ಕಣ್ಣು ಮಿಟುಕಿಸದೆ. “ಅಂಗಿ ಖಾಲಿಯಾಗಿ ಅರ್ಧ ಗಂಟೆ ಆಯ್ತು. ಬಟ್ಟೆ ಕತ್ತರಿಸೋ ಕಟಿಂಗ್‌ನೋರು ಇನ್ನೂ ಕೊಟ್ಟಿಲ್ಲ. ತರೋಕೆ ಎದ್ರೆ ನನಗೆ ಕೆಂಪು. ನಾವೆಲ್ಲ ಹೀಗೇ ಮಾಡೋದು. ಮಾಡ್ದೆ ಇರೋದು ನಿಮ್ಮ ಅತ್ತಿಗೆ ಒಬ್ರೇ, ಅದಕ್ಕೇ ಅವರು ತಳದಲ್ಲಿ.”

ಸಂಜೆ ಮಾಸ್ಟರ್ ಎಲ್ಲ ಮೆಷಿನ್ನುಗಳ ಕೆಳಗಿನಿಂದ ತೂತುಬಿದ್ದ ಚಿಂದಿ ಆರಿಸಿದ. ಒಂದು ಚೀಲ ತುಂಬಿತು.

ಶನಿವಾರ ಯಜಮಾನಿ ಪೆನ್ನು ತೆಗೆಯುವಷ್ಟರಲ್ಲಿ ಅವನು ಚೀಲವನ್ನು ಮೇಜಿನ ಮೇಲೆ ಸುರಿದ.

“ಏನ್ರೀ ಇದು ಕಸ?”

“ಈ ವಾರದ ಹಸಿರು ಅಮ್ಮಾ. ದೀಪಕ್ಕೆ ಹೆದರಿ ಹೊಲಿದದ್ದು. ನೀವು ತೆಗೀಬೇಕು ಅಂತಿರೋ ಹನ್ನೊಂದನೇ ನಂಬರಿನೋರು ಬಿಚ್ಚಿ ಹೊಲಿದ ಕಾಲರುಗಳು ಇಲ್ಲಿವೆ. ನೋಡಿ. ಉಳಿದ ಇಬ್ಬರನ್ನೂ ನಾನು ವಿಚಾರಿಸಿಲ್ಲ. ವಿಚಾರಿಸದೆ ಅವರನ್ನೂ ತೆಗೀಬೇಡಿ.”

“ಹನ್ನೊಂದು ನಿಮ್ಮ ಅತ್ತಿಗೆ ಅಲ್ವೇನ್ರೀ?”

“ಹೌದು. ಅದಕ್ಕೇ ನನ್ನ ಮಾತು ನಂಬಬೇಡಿ. ನೀವೇ ಕೂತು ನೋಡಿ.”

ಯಜಮಾನಿ ಕಾಲರ್ ತಿರುಗಿಸಿ ನೋಡಿದರು. ಚಿಂದಿಯ ತೂತಿನಲ್ಲಿ ಬೆರಳಾಡಿಸಿದರು. “ಕ್ಯಾಮೆರಾಗಳನ್ನ ಅಷ್ಟು ಕಷ್ಟಪಟ್ಟು ತಂದಿದ್ದು. ಕಿತ್ತು ಎಸೀಲಾ?”

“ಎಸೀಬೇಡಿ. ಯಾವ ಮೆಷಿನ್ ಕೆಟ್ಟಿದೆ, ಯಾರಿಗೆ ಬಟ್ಟೆ ಸಿಕ್ಕಿಲ್ಲ ಅಂತ ಹೇಳ್ಲಿ. ಯಾರಿಗೆ ಕೆಲಸ ಬೇಡ ಅನ್ನೋದನ್ನ ಮಾತ್ರ ಅದು ಹೇಳೋದು ಬೇಡ.”

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಸುಳ್ಳು. ಯಜಮಾನಿ ಸಹಿಯನ್ನೂ ಹಾಕದೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಗೋಡೆಗೆ ಒಂದು ಹಾಳೆ ಅಂಟಿತು: ಕ್ಯಾಮೆರಾ ಏನು ಬರೆದುಕೊಳ್ಳುತ್ತದೆ, ಅದನ್ನು ಯಾರು ನೋಡುತ್ತಾರೆ, ತಪ್ಪಿದ್ದರೆ ಯಾರಿಗೆ ಹೇಳಬೇಕು. ನೀರು, ಶೌಚಕ್ಕೆ ಎದ್ದ ಹೊತ್ತನ್ನು ಲೆಕ್ಕದಿಂದ ಬಿಟ್ಟರು. ಎದುರು ಕೂರಿಸಿ ಕೇಳದೆ ಯಾರನ್ನೂ ತೆಗೆಯುವಂತಿಲ್ಲ ಎಂದೂ ಬರೆದರು. ಅತ್ತಿಗೆ ಔಷಧಿ ಮುಗಿಸಿ ಬಂದಳು. ಮೊದಲ ದಿನವೇ ಮಾತಿನಮಲ್ಲಿಯ ಕಾಲರ್ ಎತ್ತಿ, “ಇದನ್ನ ಹೊಲಿದಿದ್ದು ಕೈಯಲ್ಲೋ, ಕಾಲಲ್ಲೋ?” ಎಂದು ಬೈದಳು. ಮಾಸ್ಟರ್ ದೂರದಿಂದಲೇ ನಕ್ಕ.

ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ ಕಣ್ರಪ್ಪ. ಬರಲಿ. ಆದರೆ ಅದು ನಿಮ್ಮನ್ನು ಅಳೆಯಲು ಬಂದರೆ ಕೈಕಟ್ಟಿ ಕೂರಬೇಡಿ. ಏನನ್ನು ಅಳೆಯುತ್ತೀ ಎಂದು ಕೇಳಿ, ಏನನ್ನು ಬಿಟ್ಟೆ ಎಂದೂ ಕೇಳಿ. ಉತ್ತರ ಕೊಡಲು ಒಬ್ಬ ಮನುಷ್ಯ ಎದುರಿಗೆ ಇರಲೇಬೇಕು ಎಂದು ಹಟ ಹಿಡಿಯಿರಿ. ಒಬ್ಬೊಬ್ಬರೇ ಅಲ್ಲ, ಎಲ್ಲರೂ ಸೇರಿ ಕೇಳಿ. ನೀವೇ ಯಜಮಾನರಾಗಿದ್ದರೆ, ಸಹಿ ಹಾಕುವ ಮೊದಲು ಒಂದು ದಿನ ಆ ದೀಪದ ಕೆಳಗೆ ಕೂತು ನೋಡಿ.

ಈ ಕಥೆಯನ್ನು ನಿಮ್ಮ ಫೋನಿನಲ್ಲೇ ಕೊಳೆಯಲು ಬಿಡಬೇಡಿ. ಎದ್ದರೆ ಎಲ್ಲಿ ಕೆಲಸ ಹೋಗುತ್ತದೋ ಎಂದು ಗಂಟಲು ಒಣಗಿಸಿಕೊಂಡು ಕೂತವರು ನಿಮಗೆ ಗೊತ್ತಿರುವವರಲ್ಲೇ ಒಬ್ಬರಿರುತ್ತಾರೆ. ಮೊದಲು ಅವರಿಗೆ ಕಳಿಸಿ.