ಹುಳು ಮನೆಗೆ ನುಗ್ಗಿದ ಬ್ಯಾಟರಿ ಸಿಗರೇಟು

ರೇಷ್ಮೆ ಹುಳುವಿಗೆ ತಂಬಾಕು ಆಗಿಬರುವುದಿಲ್ಲ. ಕೆಂಚಾರ್ಲಹಳ್ಳಿಯಲ್ಲಿ ಇದು ಮಕ್ಕಳಿಗೂ ಗೊತ್ತು. ವೆಂಕಟರವಣಪ್ಪ ಇಪ್ಪತ್ತು ವರ್ಷ ಬೀಡಿಯನ್ನು ಬೇಲಿಯಾಚೆಯೇ ಸೇದಿ, ಸೋಪು ಹಾಕಿ ಕೈ ತೊಳೆದೇ ಹುಳು ಮನೆಗೆ ಕಾಲಿಟ್ಟವನು. ೨೦೦೯ರಲ್ಲಿ ಭಾಮೈದ ಬೆಂಗಳೂರಿನಿಂದ ಬ್ಯಾಟರಿ ಸಿಗರೇಟು ತಂದುಕೊಟ್ಟ. ಬೆಂಕಿಯಿಲ್ಲ, ಬೂದಿಯಿಲ್ಲ, ಇನ್ನೇನು ಭಯ? ಕೈ ತೊಳೆಯುವುದೂ ನಿಂತಿತು.

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಗಬಗಬ ತಿನ್ನುವ ಹೊತ್ತು. ಒಂದು ದಿನ ಸಿಗರೇಟಿಗೆ ಸೀಸೆಯ ದ್ರವ ತುಂಬುವಾಗ ಬೆರಳಿಗೆ ಸೋರಿತು. ಪಂಚೆಗೆ ಒರೆಸಿಕೊಂಡು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದ. ಸ್ವಲ್ಪ ಹೊತ್ತಿಗೆಲ್ಲ ಹೆಂಡತಿ ಅಮ್ಮಾಜಮ್ಮ ಕೂಗಿಕೊಂಡಳು.

"ಅಯ್ಯೋ ದೇವುಡಾ! ಈ ತಟ್ಟೆ ಹುಳು ತಲೆ ಎತ್ಕೊಂಡು ಹಸಿರು ಕಕ್ತಾ ಅವೆ!"

ಪಕ್ಕದ ಮನೆ ಕೂಸಿಗೆ ಲಸಿಕೆ ಹಾಕಲು ಬಂದಿದ್ದ ಆರೋಗ್ಯ ಸಹಾಯಕಿ ತನುಜ ಓಡಿ ಬಂದಳು. ಅವಳೂ ಹುಳು ಸಾಕುವವರ ಮನೆಯ ಮಗಳೇ.

"ಕೈಗೆ ಏನು ತಗುಲಿತ್ತಣ್ಣ?"

ಅವನು ಜೇಬಿನಿಂದ ಸಿಗರೇಟು ತೆಗೆದ. "ಇದ್ರಲ್ಲಿ ಹೊಗೆ ಎಲ್ಲೈತಮ್ಮ? ಬರೀ ಹಬೆ."

"ಹೊಗೆ ಇಲ್ಲ, ನಿಜ. ಬೀಡೀಲಿ ತಂಬಾಕು ಸುಟ್ಟು, ಹೊಗೆ ಜೊತೆ ನಿಕೋಟಿನ್ ಎದೆಗೆ ಇಳಿಯುತ್ತೆ. ಇದ್ರಲ್ಲಿ ಬ್ಯಾಟರಿ ದ್ರವಾನ ಕಾಯಿಸಿ, ಹಬೆ ಜೊತೆ ಅದೇ ನಿಕೋಟಿನ್ ಇಳಿಸುತ್ತೆ. ಸುಡಲ್ಲ, ಅದಕ್ಕೆ ಹೊಗೇಲಿರೋ ಟಾರು ಅನ್ನೋ ಕರೀ ಜಿಗುಟು ಇದ್ರಲ್ಲಿಲ್ಲ. ಆದ್ರೆ ಹುಳೂಗೆ ವಿಷ ಆಗೋದೂ, ಮನುಷ್ಯಂಗೆ ಚಟ ಹಿಡಿಸೋದೂ ನಿಕೋಟಿನ್ನೇ."

"ಬೀಡಿಯಷ್ಟು ಮತ್ತು ಬರಲ್ವಲ್ಲ?"

"ಬೇಗ ಏರಲ್ಲ. ಅದಕ್ಕೇ ಮತ್ತೆ ಮತ್ತೆ ಎಳೀತೀರ."

"ಬೀಡಿ ಆದ್ರೂ ಮುಗೀತಿತ್ತು ಕಣಮ್ಮ, ಇದು ಮುಗಿಯೋದೇ ಇಲ್ಲ!" ಎಂದಳು ಅಮ್ಮಾಜಮ್ಮ.

ವೆಂಕಟರವಣಪ್ಪ ಸಿಗರೇಟನ್ನು ಹೊಸ್ತಿಲಾಚೆ ಇಟ್ಟ. ಕೈ ಉಜ್ಜಿ ಉಜ್ಜಿ ತೊಳೆದ. ಮೂವರೂ ಸೇರಿ ಹಳೆಯ ಸೊಪ್ಪು ತೆಗೆದು, ತಟ್ಟೆಯನ್ನು ಗಾಳಿಗಿಟ್ಟು, ಹೊಸ ಸೊಪ್ಪು ಹಾಕಿದರು. ಒಂದು ಬೊಗಸೆ ಹುಳು ಹೋದವು. ಸಂಜೆಗೆ ಉಳಿದವು ಸೊಪ್ಪು ಕಡಿಯುವ ಸದ್ದು ಕೇಳಿಸಿತು. ಅವನಿಗೆ ಹೋದ ಜೀವ ಬಂದಂತಾಯಿತು, ಹೊಸ್ತಿಲಲ್ಲೇ ಕುಳಿತುಬಿಟ್ಟ.

"ಹುಳು ಒಂದೇ ಹೊತ್ತಿಗೆ ಬ್ಯಾಡ ಅಂತ ಕಕ್ಕಿಬಿಡ್ತು. ನಾನು ಇಪ್ಪತ್ತು ವರ್ಷ ಒಳಕ್ಕೇ ಎಳ್ಕೊಂಡೆ."

ಮರುದಿನ ತನುಜ ಬರೆದುಕೊಟ್ಟ ಚೀಟಿ ಹಿಡಿದು, ಚಟ ಬಿಡಲು ಸಹಾಯ ಕೇಳಲು ಚಿಂತಾಮಣಿಯ ಆಸ್ಪತ್ರೆಗೆ ಹೊರಟ. ಅಮ್ಮಾಜಮ್ಮನೂ ಜೊತೆಗೆ ಬಸ್ಸು ಹತ್ತಿದಳು.

ಅಣ್ಣಂದಿರೇ, ಅಕ್ಕಂದಿರೇ, ಹೊಗೆಯಿಲ್ಲವೆಂದು ಮೋಸಹೋಗಬೇಡಿ. ಆ ದ್ರವ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಬೀಡಿಯಾಗಲಿ, ಬ್ಯಾಟರಿ ಸಿಗರೇಟಾಗಲಿ, ಬಿಡಲು ಒಬ್ಬರೇ ಒದ್ದಾಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಹುಳು ಮನೆಯೊಳಕ್ಕೆ ಬಿಡದ ವಿಷವನ್ನು ನಿಮ್ಮ ಎದೆಯೊಳಕ್ಕೂ ಬಿಡಬೇಡಿ.