ಮೂವತ್ತಕ್ಕೆ ಇಬ್ಬರು ಓಗೊಟ್ಟಾಗ

೨೦೦೨ರ ಆ ಶುಕ್ರವಾರ ಸಂಜೆ ನಾಲ್ಕರೊಳಗೆ, ಬೆನ್ಸನ್ ಟೌನಿನ ನಮ್ಮ ಕಂಟ್ರೋಲ್ ರೂಮಿನ ಪರದೆಯ ಮೇಲೆ ಐದು ಹಸಿರು ಚುಕ್ಕಿ ಬೆಳಗಬೇಕಿತ್ತು. ಬೆಳಗಿದರೆ ನನ್ನ ಕೆಲಸ ಖಾಯಂ. ಇಲ್ಲದಿದ್ದರೆ ಇನ್ನಾರು ತಿಂಗಳು ಪ್ರೊಬೇಷನ್.

ಚುಕ್ಕಿ ಎಂದರೆ ಫೈಬರ್ ಕೇಬಲ್ಲಿಗೆ ಪೋಣಿಸಿದ ಬಾಕ್ಸ್. ಒಂದೊಂದನ್ನೂ ಇಲ್ಲಿಂದಲೇ ಕರೆದು ವಿಚಾರಿಸಲು ಒಂದೊಂದು ಐಪಿ ವಿಳಾಸ ಬೇಕು. ಪಟ್ಟಿ ಮಾಡಿದವನು ನಾನು. ವಿಳಾಸದ ಕೊನೆಯ ಸಂಖ್ಯೆ ಬೆನ್ಸನ್ ಟೌನಿಗೆ ಹತ್ತು, ಹಲಸೂರಿಗೆ ಇಪ್ಪತ್ತು, ಇಂದಿರಾನಗರಕ್ಕೆ ಮೂವತ್ತು, ಕೆ.ಆರ್. ಪುರಕ್ಕೆ ನಲವತ್ತು; ಮುಂದೆ ಬರುವ ಬಾಕ್ಸುಗಳಿಗೆಂದು ನಡುವೆ ಖಾಲಿ ಬಿಟ್ಟಿದ್ದೆ. "ನೋಡಪ್ಪಾ ಮಧುಕರ್, ಮನೆಗಿಂತ ಹಿತ್ಲೇ ದೊಡ್ಡದಾಯ್ತಲ್ಲ" ಎಂದು ಮ್ಯಾನೇಜರ್ ಸಂಜೀವಪ್ಪನವರು ನಕ್ಕಿದ್ದರು. ಕಳೆದ ವಾರ ರಾಮಮೂರ್ತಿ ನಗರಕ್ಕೂ ಬಾಕ್ಸ್ ಬಂತು. ಅದೇ ಹಿತ್ತಲಲ್ಲಿ ಮೂವತ್ತೈದು ಸಿಕ್ಕಿತು.

ಮೂರೂವರೆಗೆ ಮೂರೇ ಚುಕ್ಕಿ ಗಟ್ಟಿಯಾಗಿ ನಿಂತಿದ್ದವು. ನಾಲ್ಕನೆಯದು ಮಿಣಮಿಣ, ಐದನೆಯದು ಕಾಣಲೇ ಇಲ್ಲ. ಇಂದಿರಾನಗರವನ್ನು ಕರೆದರೆ ಒಮ್ಮೆ ಅದು, ಒಮ್ಮೆ ರಾಮಮೂರ್ತಿ ನಗರ ಓಗೊಡುತ್ತಿತ್ತು. ರಾಮಮೂರ್ತಿ ನಗರದಲ್ಲಿ ಬಾಕ್ಸ್ ಕೂರಿಸುತ್ತಿದ್ದ ನನ್ನ ಜೊತೆಗಾರ ಸುನಿಲ್, ಇಂದಿರಾನಗರದ ಸೆಟ್ಟಿಂಗನ್ನೇ ಹೊಸ ಬಾಕ್ಸಿಗೆ ಇಳಿಸಿ, ಮೂವತ್ತನ್ನು ಬದಲಾಯಿಸಲು ಮರೆತಿದ್ದ.

ಸಂಜೀವಪ್ಪನವರೇ ಫೋನಿನ ಸ್ಪೀಕರ್ ಒತ್ತಿದರು. "ನೋಡಪ್ಪಾ ಸುನಿಲ್... ಖೊಕ್ ಖೊಕ್... ಮೂವತ್ತು ತೆಗ್ದು ಮೂವತ್ತೈದು ಹಾಕು."

"ಸಕತ್ ಮಗಾ! ಕೆಮ್ಮು ಮಾತ್ರ ಸ್ವಲ್ಪ ಜಾಸ್ತಿ ಆಯ್ತು."

"ಯಾರೋ ಮಗಾ? ನಾನು ಸಂಜೀವಪ್ಪ!"

"ನಾನು ಲಾಟ್‌ಸಾಹೇಬ. ಫೋನ್ ಇಡು ಗುರು. ನಂಬರ್ ಮುಟ್ಟಿದ್ರೆ ಆಯಪ್ಪ ಬೈತಾನೆ."

ಸಂಜೀವಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಕ್ಯಾಂಟೀನಿನಲ್ಲಿ ದಿನಾ ಅವರ ದನಿಯನ್ನು ಅಣಕಿಸಿ ನಗಿಸುತ್ತಿದ್ದವನು ನಾನು.

"ಸುನಿಲ್, ನಾನು ಮಧು ಕಣೋ. ಅವ್ರು ನಿಜವಾಗ್ಲೂ ಸಾರೇ."

"ಇಬ್ರೂ ನೀನೇ ಅಂತ ಗೊತ್ತಿಲ್ವಾ ನಂಗೆ?"

ನಾಲ್ಕಕ್ಕೆ ಐದು ನಿಮಿಷ. ಹೇಳಿಬಿಟ್ಟೆ: "ಸೋಮವಾರ ಫೋನಲ್ಲಿ ನಿಂಗೆ ಹಾಫ್ ಡೇ ಕೊಟ್ಟಿದ್ದು ಸಾರಲ್ಲ, ನಾನು. ಇವತ್ತು ಮಾತ್ರ ಸಾರೇ ಸಾರ್."

 ಆ ಕಡೆಯಿಂದ ಸಣ್ಣ ದನಿ: "ಹಂಗಾದ್ರೆ... ಆಗ್ಲೇ ನಾನು ಆಯಪ್ಪ ಅಂದಿದ್ದು ಸಾರ್‌ಗೆ...?"

"ಕೇಳಿಸ್ತು," ಎಂದರು ಸಂಜೀವಪ್ಪ.

ಮರುನಿಮಿಷವೇ ಮೂವತ್ತೈದು ಹಸಿರಾಗಿ ಹೊತ್ತಿತು. ಐದೂ ಗಟ್ಟಿಯಾಗಿ ನಿಂತವು. ಸಂಜೀವಪ್ಪನವರು ನನ್ನ ಖಾಯಂ ಪತ್ರವನ್ನು ಎಳೆದುಕೊಂಡು ಸಹಿ ಹಾಕಿದರು. "ಐದು ಬಾಕ್ಸಿಗೂ ಬೇರೆಬೇರೆ ವಿಳಾಸ ಕೊಟ್ಟಿದ್ದೀಯ. ನೀನು ಮಾತ್ರ ಬಂದು ನನ್ನದ್ರಲ್ಲಿ ಕೂತಿದ್ದೀಯಲ್ಲಪ್ಪಾ."

ಪತ್ರ ಕೈಗಿಡದೆ ಮತ್ತೆ ಸ್ಪೀಕರ್ ಒತ್ತಿದರು. ದನಿ ಎಳಸಾಗಿ, ಸೊಟ್ಟಗೆ ಹೊರಟಿತು: "ಮಗಾ ಸುನಿಲ್, ನಾನು ಮಧು. ಸೋಮವಾರದ ಬಾಕಿಗೆ ನಾಳೆ ಇಬ್ರೂ ಡ್ಯೂಟಿಗೆ ಬಂದ್ಬಿಡೋಣ."

"ಬರ್ತೀನಿ ಸಾರ್," ಎಂದ ಸುನಿಲ್. "ಆದ್ರೆ ಮಧು ದನಿ ನಿಮಗೆ ಬರಲ್ಲ, ಬಿಟ್ಬಿಡಿ ಸಾರ್."