ಆರು ಗಂಟೆಯ ಡಬ್ಬಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅಡಿಲೇಡಿನ ಮಾಡ್ಬರಿಯಲ್ಲಿ ಒಂಟಿಯಾಗಿದ್ದ ಎಂಜಿನಿಯರ್ ಪಂಚಾಕ್ಷರಿಗೆ ಎರಡೂ ಗೊತ್ತಿರಲಿಲ್ಲ ನೋಡಿ. ಮಾತು ಗೊತ್ತಿಲ್ಲದ್ದಕ್ಕೆ ಹೆಂಡತಿ ರುಕ್ಮಿಣಿ ಒಂಬತ್ತು ವರ್ಷದ ಮಗಳು ಅನನ್ಯಾಳನ್ನು ಕರೆದುಕೊಂಡು ಪರ್ತ್‌ಗೆ ಹೋಗಿದ್ದಳು. ಊಟ ಗೊತ್ತಿಲ್ಲದ್ದಕ್ಕೆ ಸಕ್ಕರೆ ಕಾಯಿಲೆ ಬಂದು ಕೂತಿತ್ತು.

1996ರ ಜುಲೈ ರಜೆಗೆ ಮಗಳು ಬಂದಿದ್ದಾಗ ಈ ಪುಣ್ಯಾತ್ಮ ಇನ್ಸುಲಿನ್ ಚುಚ್ಚಿಕೊಂಡು, ಊಟ ಮಾಡುವುದನ್ನೇ ಮರೆತು, ಅಡುಗೆಮನೆಯಲ್ಲಿ ಬಿದ್ದುಬಿಟ್ಟ. ಪಕ್ಕದ ಮನೆಯವರು ಬರುವವರೆಗೆ ಮಗು ಒಂದೇ ಅವನ ಪಕ್ಕ ಕೂತಿತ್ತು. ಅಂದಿನಿಂದ ರುಕ್ಮಿಣಿಯದು ಒಂದೇ ಮಾತು: "ನೆಟ್ಟಗೆ ಊಟ ಮಾಡ್ತಿದ್ದೀರಿ ಅಂತ ಡಾಕ್ಟ್ರು ಬರೆದುಕೊಡ್ಲಿ. ಆಮೇಲೆ ಡಿಸೆಂಬರ್‌ಗೆ ಕಳಿಸ್ತೀನಿ."

ಮಗಳು ಬರಬೇಕು. ಅವನಿಗೆ ಬೇಕಿದ್ದುದು ಅಷ್ಟೇ. ಡಾಕ್ಟರು ಹೇಳಿದ ಕಡೆ, ಸಕ್ಕರೆ ಕಾಯಿಲೆಯವರ ಮನೆಗೇ ಊಟ ತಂದುಕೊಡುವವರ ಹತ್ತಿರ ಹೆಸರು ಬರೆಸಿದ.

ದಿನಾ ಸಂಜೆ ಆರಕ್ಕೆ ಕ್ರೇಗ್ ಎಂಬವನು ವ್ಯಾನಿನಲ್ಲಿ ಬಂದು ಊಟದ ಡಬ್ಬಿ ಕೊಟ್ಟು, ಹಿಂದಿನ ದಿನದ್ದನ್ನು ಒಯ್ಯುತ್ತಿದ್ದ. ಬೇಯಿಸಿದ ಕುಂಬಳಕಾಯಿ, ಬೀನ್ಸು, ಒಂದಿಷ್ಟು ಅನ್ನ, ಒಂದು ಹಿಡಿ ಕಾಳು. ಉಪ್ಪಿಲ್ಲ, ಖಾರವಿಲ್ಲ. ಅಯ್ಯೋ, ಬಾಣಂತಿಯ ಪಥ್ಯವೂ ಇದಕ್ಕಿಂತ ರುಚಿ! ಆದರೂ ಒಂದು ಕಾಳೂ ಬಿಡದೆ ತಿಂದ. ತಲೆಸುತ್ತು ನಿಂತಿತು.

ಆದರೆ ತೊಳೆದ ಡಬ್ಬಿಯನ್ನು ಬರಿದಾಗಿ ಕೊಡಲು ಕೈ ಬರಲಿಲ್ಲ. ಊಟ ತಂದುಕೊಟ್ಟವರ ಪಾತ್ರೆಯನ್ನು ಬರಿದಾಗಿ ಕಳಿಸುವುದುಂಟೇ? ಅವನ ಅವ್ವ ಮನೆಯಲ್ಲಿ ಏನೂ ಇಲ್ಲದ ದಿನ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಹಾಗಾಗಿ ಇವನೂ ದಿನಾ ಒಂದು ಹಿಡಿ ಚಿತ್ರಾನ್ನ ಮಾಡಿ, ತುಂಬಿ, ಮುಚ್ಚಿ ಕೊಡುತ್ತಿದ್ದ. ಕೊಟ್ಟದ್ದನ್ನು ಹೇಳಿಕೊಳ್ಳುವುದು ಸಣ್ಣತನವೆಂದು ಬಾಯಿ ಬಿಡಲಿಲ್ಲ. ಕ್ರೇಗ್ "ಥ್ಯಾಂಕ್ಸ್ ಮೇಟ್" ಎಂದು ಹೊರಟುಬಿಡುತ್ತಿದ್ದ.

ಆ ಕಡೆ ಡಬ್ಬಿ ತೆರೆದು ತೊಳೆಯುವವರಿಗೆ ಈ ಸಂಪ್ರದಾಯವನ್ನು ಯಾರು ಹೇಳಬೇಕು? ಹಳದಿ ಅನ್ನ ಕಂಡರು, ಕುಂಬಳಕಾಯಿ ಕಲಸಿ ಊಟ ಉಳಿಸಿದ್ದಾನೆ ಎಂದು ಚೀಟಿಯಲ್ಲಿ ಬರೆದರು. ಎಂಟು ವಾರ, ಒಂದು ದಿನವೂ ತಪ್ಪದೆ. ಚೀಟಿಗಳೆಲ್ಲ ಡಾಕ್ಟರ ಕೈಸೇರಿದವು. ರಕ್ತದಲ್ಲಿ ಸಕ್ಕರೆ ಇಳಿದದ್ದೇನೋ ನಿಜ. ಊಟ ಬಿಟ್ಟು ಇಳಿಸಿಕೊಂಡಿದ್ದಾನೆ, ಮತ್ತೆ ಬೀಳಬಹುದು ಎಂದು ಅವರು, ಪಂಚಾಕ್ಷರಿಯೇ ಕೊಟ್ಟಿದ್ದ ಪರ್ತ್ ವಿಳಾಸಕ್ಕೆ ಬರೆದರು.

ರುಕ್ಮಿಣಿ ಫೋನಿನಲ್ಲಿ ಉರಿದುಬಿದ್ದಳು. "ಮಗಳಿಗೋಸ್ಕರ ನಾಲ್ಕು ತುತ್ತು ತಿನ್ನೋಕಾಗಲ್ವೇನ್ರೀ ನಿಮಗೆ? ದಿನಾ ಹಳದಿ ಅನ್ನ ಬಿಟ್ಟು ಕಳಿಸಿದ್ದೀರಂತೆ!"

"ಹಳದಿ ಅನ್ನಾನಾ? ಅಯ್ಯೋ, ಅದು ನಾನು ಮಾಡಿದ ಚಿತ್ರಾನ್ನ ಕಣೇ. ಬರೀ ಡಬ್ಬಿ ಹೇಗೆ ಕೊಡೋದು ಅಂತ..."

ಇದನ್ನು ಬಿಡಿಸಿ ಹೇಳಬೇಕಾಗಿಲ್ಲದ ಜೀವ ಆ ದೇಶದಲ್ಲೆಲ್ಲ ಅವನಿಗೆ ಅವಳೊಬ್ಬಳೇ.

"ಥೂ ನಿಮ್ಮ," ಎಂದಳು. "ಡಬ್ಬಿ ತರೋ ಮನುಷ್ಯನಿಗೆ ಒಂದು ಮಾತು ಹೇಳೋಕೇನಾಗಿತ್ತು? ಸರಿ, ಕಳಿಸ್ತೀನಿ. ಮಗಳಿಗೆ ನೀವೇ ಹೇಳಿ," ಎಂದು ಫೋನನ್ನು ಅನನ್ಯಾಳ ಕೈಗೆ ಕೊಟ್ಟಳು.

ಪಂಚಾಕ್ಷರಿಗೆ ಖುಷಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಪುಟ್ಟೀ, ಅಮ್ಮ ಒಪ್ಪಿದ್ಲು! ಬರ್ತೀಯಲ್ಲಾ?"

ಮಗು ದನಿ ತಗ್ಗಿಸಿ ಕೇಳಿತು. "ಡು ಐ ಹ್ಯಾವ್ ಟು, ಅಪ್ಪ?"

"ಯಾಕಮ್ಮಾ? ಈಗ ಸರಿಯಾಗಿ ಊಟ ಮಾಡ್ತೀನಿ. ಹುಷಾರಾಗಿದ್ದೀನಿ."

"ಐ ನೋ. ಬಟ್ ಐ ಥಾಟ್ ಯು ವರ್ ಡೆಡ್." ಮಗು ಅಳುತ್ತಿತ್ತು. "ಐ ಆಮ್ ಸ್ಕೇರ್ಡ್, ಅಪ್ಪ."

ಎರಡು ತಿಂಗಳು ಅವನು ರುಕ್ಮಿಣಿಯ ಭಯಕ್ಕೆ ಮದ್ದು ಅರೆದಿದ್ದ. ಮಗುವಿನ ಭಯವನ್ನು ಅವನೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಪಂಚಾಕ್ಷರಿಯ ಎದೆ ಒಡೆದುಹೋಯಿತು.

"ಬೇಡ ಪುಟ್ಟಿ, ಬರಬೇಡ," ಎಂದ. "ಅಮ್ಮನ ಜೊತೇಲೇ ಇರು. ಅಪ್ಪ ಏನೂ ಅಂದ್ಕೊಳಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಮಗು ನಿರಾಳವಾಗಿ ಉಸಿರು ಬಿಟ್ಟದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.